ಮೋಟರ್ ನಡುಗಿದರೆ ಬೇರಿಂಗ್ ಒಂದನ್ನೇ ಬೈಯಬೇಡಿ

ಮೋಟರ್ ನಡುಗಲು ಶುರು ಮಾಡಿದರೆ ಮೊದಲು ಬೈಗುಳ ತಿನ್ನುವುದು ಬೇರಿಂಗ್. ಆಮೇಲಿನ ಸರದಿ ಕಪ್ಲಿಂಗ್, ಪುಲ್ಲಿ, ಫೌಂಡೇಶನ್ ಬೋಲ್ಟುಗಳದ್ದು. ಬೇರಿಂಗ್ ಬದಲಾಗುತ್ತದೆ, ರೋಟರ್ ಬ್ಯಾಲೆನ್ಸಿಂಗ್‌ಗೆ ಹೋಗಿ ಬರುತ್ತದೆ, ಅಲೈನ್‌ಮೆಂಟ್ ಆಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುವುದೂ ಉಂಟು. ಆದರೆ ಇಷ್ಟೆಲ್ಲ ಆದ ಮೇಲೂ ಗುಂಯ್ ಎನ್ನುವ ನಡುಕ ಬಿಡದಿದ್ದರೆ, ಹೊಸ ಬೇರಿಂಗೂ ನಾಲ್ಕೇ ತಿಂಗಳಲ್ಲಿ ಹೋಗಿಬಿಟ್ಟರೆ, ನೋಡಬೇಕಾದ ಜಾಗ ಬೇರೆ ಇದೆ. ಅದು ಅಲುಗಾಡದೆ ನಿಂತಿರುವ ಸ್ಟೇಟರ್ ಮತ್ತು ಅದರೊಳಗೆ ತಿರುಗುವ ರೋಟರ್ ನಡುವಿನ ಖಾಲಿ ಜಾಗ, ಏರ್ ಗ್ಯಾಪ್. ಸಣ್ಣ ಮೋಟರುಗಳಲ್ಲಿ ಅದು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ.

ಹಿಟ್ಟಿನ ಗಿರಣಿ, ಪಂಪು, ಕಂಪ್ರೆಸರ್, ಲೇತ್ ಇವುಗಳಲ್ಲೆಲ್ಲ ದುಡಿಯುವ ತ್ರೀ ಫೇಸ್ ಇಂಡಕ್ಷನ್ ಮೋಟರನ್ನೇ ಇಲ್ಲಿ ತೆಗೆದುಕೊಳ್ಳೋಣ. ಹೊರಗೆ ಸ್ಟೇಟರ್. ಅದರ ಸ್ಲಾಟುಗಳಲ್ಲಿ ತಾಮ್ರದ ವೈಂಡಿಂಗ್. ಕರೆಂಟ್ ಕೊಟ್ಟ ಕೂಡಲೇ ಸ್ಟೇಟರ್ ಒಳಗೆ ಒಂದು ಕಾಂತಕ್ಷೇತ್ರ ಗಿರಗಿರ ತಿರುಗತೊಡಗುತ್ತದೆ. ರೋಟರಿನ ಮೈಯಲ್ಲಿರುವ ಅಲ್ಯೂಮಿನಿಯಂ ಇಲ್ಲವೇ ತಾಮ್ರದ ಬಾರ್‌ಗಳಲ್ಲಿ ಅದು ಕರೆಂಟ್ ಹುಟ್ಟಿಸುತ್ತದೆ, ರೋಟರ್ ಅದರ ಹಿಂದೆ ಓಡುತ್ತದೆ. ಇದು ಎಲ್ಲರೂ ಶಾಲೆಯಲ್ಲೋ ಐಟಿಐಯಲ್ಲೋ ಓದಿದ ಕಥೆ.

ಈ ಕಥೆಯಲ್ಲಿ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಕಾಂತಕ್ಷೇತ್ರ ರೋಟರಿನ ಮೇಲೆ ಎರಡು ಥರದ ಬಲ ಹಾಕುತ್ತದೆ. ಒಂದು, ಅಂಚಿನುದ್ದಕ್ಕೂ ತಳ್ಳಿ ತಿರುಗಿಸುವ ಬಲ. ಟಾರ್ಕ್ ಬರುವುದು ಇದರಿಂದ, ನಾವು ಕರೆಂಟ್ ಬಿಲ್ ಕಟ್ಟುವುದೂ ಇದಕ್ಕೇ. ಇನ್ನೊಂದು, ರೋಟರಿನ ಕಬ್ಬಿಣವನ್ನು ನೇರವಾಗಿ ಸ್ಟೇಟರಿನ ಕಡೆಗೆ ಸೆಳೆಯುವ ಬಲ. ಅಯಸ್ಕಾಂತ ಮೊಳೆಯನ್ನು ಸೆಳೆಯುತ್ತದಲ್ಲ, ಅದೇ ಇದು. ಈ ಎರಡನೆಯದರಿಂದ ಯಾವ ಕೆಲಸವೂ ಆಗುವುದಿಲ್ಲ. ಆದರೆ ತಮಾಷೆ ಎಂದರೆ, ಎರಡರಲ್ಲಿ ದೊಡ್ಡದು ಇದೇ.

ಎಷ್ಟು ದೊಡ್ಡದು ಅಂತ ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. 15 ಕಿಲೋವಾಟ್, ಅಂದರೆ 20 ಎಚ್‌ಪಿಯ 4 ಪೋಲ್ (ಕಾಂತಕ್ಷೇತ್ರಕ್ಕೆ ನಾಲ್ಕು ಧ್ರುವಗಳಿರುವ) ಮೋಟರ್, ಓಡುವುದು ನಿಮಿಷಕ್ಕೆ 1460 ಸುತ್ತು. ರೋಟರಿನ ವ್ಯಾಸ 15 ಸೆಂ.ಮೀ., ಉದ್ದವೂ ಅಷ್ಟೇ ಅಂತಿಟ್ಟುಕೊಳ್ಳಿ. ಇದರ ಟಾರ್ಕ್ ಸುಮಾರು 98 ನ್ಯೂಟನ್ ಮೀಟರ್. ಅದನ್ನು ರೋಟರಿನ ಅಂಚಿಗೆ ತಂದರೆ ತಳ್ಳುವ ಬಲ ಒಟ್ಟು 1300 ನ್ಯೂಟನ್, ನಮ್ಮ ಮಾತಿನಲ್ಲಿ 130 ಕೆ.ಜಿ. ಭಾರದಷ್ಟು. ಇನ್ನು ಸೆಳೆತ. ಏರ್ ಗ್ಯಾಪಿನಲ್ಲಿ ಕಾಂತಕ್ಷೇತ್ರದ ಗರಿಷ್ಠ ಮಟ್ಟ 0.8 ಟೆಸ್ಲಾ ಎಂದುಕೊಂಡರೆ, ಸರಾಸರಿ ತೆಗೆದಾಗ ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿಗೆ 1.3 ಕೆ.ಜಿ. ಬೀಳುತ್ತದೆ. ರೋಟರಿನ ಮೈ ಸುತ್ತ ಸುಮಾರು 700 ಚದರ ಸೆಂಟಿಮೀಟರ್ ಇದೆ. ಗುಣಿಸಿದರೆ 900 ಕೆ.ಜಿ. ದಾಟುತ್ತದೆ. ತಿರುಗಿಸುವ ಬಲದ ಏಳು ಪಟ್ಟು ಬಲ ಸುಮ್ನೆ ಹೊರಗೆ ಜಗ್ಗುತ್ತಾ ಕೂತಿದೆ!

ಹಾಗಿದ್ದರೆ ಮೋಟರ್ ಪುಡಿಯಾಗುವುದಿಲ್ಲ ಯಾಕೆ? ಈ ಜಗ್ಗಾಟ ಎಲ್ಲ ದಿಕ್ಕಿಗೂ ಒಂದೇ ಸಮ ಇರುತ್ತದೆ, ಅದಕ್ಕೆ. ಮೇಲಕ್ಕೆ ಎಷ್ಟು ಎಳೆಯುತ್ತದೋ ಕೆಳಕ್ಕೂ ಅಷ್ಟೇ, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಹಗ್ಗ ಜಗ್ಗಾಟದಲ್ಲಿ ಎರಡೂ ತಂಡ ಸಮಬಲದಲ್ಲಿದ್ದರೆ ನಡುವಿನ ಕರವಸ್ತ್ರ ಅಲುಗಾಡುವುದೇ ಇಲ್ಲ, ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ತಣ್ಣಗೆ ಓಡುವ ಮೋಟರಿನ ಒಳಗೂ ಹಾಗೆಯೇ. ಒಂದು ತಂಡದ ಕಾಲು ಒಂಚೂರು ಜಾರಿದರೆ ಸಾಕು, ಅಲ್ಲಿಯವರೆಗೆ ಕಾಣದಿದ್ದ ಬಲವೆಲ್ಲ ಬಯಲಿಗೆ ಬರುತ್ತದೆ.

ಕಾಲು ಜಾರುವುದು ಎಂದರೆ ಇಲ್ಲಿ ಏರ್ ಗ್ಯಾಪ್ ಒಂದು ಕಡೆ ಕಿರಿದಾಗುವುದು. ನಮ್ಮ 20 ಎಚ್‌ಪಿ ಮೋಟರಿನ ಗ್ಯಾಪ್ 0.4 ಮಿ.ಮೀ. ಇದೆ ಎನ್ನಿ. ರೋಟರ್ ನಟ್ಟನಡುವಿನಿಂದ 0.04 ಮಿ.ಮೀ. ಒಂದು ಬದಿಗೆ ಸರಿಯಿತು. ಇದು ಗ್ಯಾಪಿನ ಹತ್ತನೇ ಒಂದು ಭಾಗ ಅಷ್ಟೆ. ಆದರೆ ಗ್ಯಾಪ್ ಕಿರಿದಾದ ಕಡೆ ಕಾಂತಕ್ಷೇತ್ರ ಹೆಚ್ಚುತ್ತದೆ, ಮತ್ತು ಸೆಳೆತ ಹೆಚ್ಚುವುದು ಕಾಂತಕ್ಷೇತ್ರದ ವರ್ಗದ ಲೆಕ್ಕದಲ್ಲಿ. ಹಾಗಾಗಿ ಹತ್ತಿರದ ಕಡೆ ಸೆಳೆತ ಶೇ. 23ರಷ್ಟು ಜಾಸ್ತಿಯಾಗುತ್ತದೆ, ಎದುರು ಬದಿಯಲ್ಲಿ ಶೇ. 17ರಷ್ಟು ಕಮ್ಮಿಯಾಗುತ್ತದೆ. ಸುತ್ತಲಿನ ಎಲ್ಲವನ್ನೂ ಕೂಡಿ ಕಳೆದರೆ, ಒಂದೇ ದಿಕ್ಕಿಗೆ ಸುಮಾರು 90 ಕೆ.ಜಿ. ಉಳಿಯುತ್ತದೆ. ಆ ರೋಟರಿನ ತೂಕವೇ ಹೆಚ್ಚೆಂದರೆ ಮೂವತ್ತು ಕೆ.ಜಿ. ಇದ್ದೀತು. ಇದು ಕಾಗದದ ಲೆಕ್ಕ, ನಿಜವಾದ ಮೋಟರಿನಲ್ಲಿ ಇಷ್ಟು ಬರುವುದಿಲ್ಲ. ಕಬ್ಬಿಣ ಒಂದು ಮಟ್ಟದ ನಂತರ ಹೆಚ್ಚು ಕಾಂತಕ್ಷೇತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ರೋಟರ್ ಬಾರ್‌ಗಳಲ್ಲಿ ಹುಟ್ಟುವ ಕರೆಂಟೂ ಈ ಅಸಮತೆಯನ್ನು ತಗ್ಗಿಸಲು ನೋಡುತ್ತದೆ. ಆದರೂ ಅರ್ಧಕ್ಕೆ ಇಳಿದರೂ ಅದೇನು ಸಣ್ಣ ಬಲವಲ್ಲ. ಇದಕ್ಕೆ ಅಸಮ ಕಾಂತ ಸೆಳೆತ ಎನ್ನಬಹುದು.

ಇದರಲ್ಲಿ ಇನ್ನೊಂದು ಕಿತಾಪತಿ ಇದೆ. ಸಾಮಾನ್ಯ ಸ್ಪ್ರಿಂಗನ್ನು ಎಳೆದರೆ ಅದು ವಾಪಸ್ ಎಳೆಯುತ್ತದೆ. ಈ ಸೆಳೆತ ಉಲ್ಟಾ. ರೋಟರ್ ಒಂದು ಬದಿಗೆ ಸರಿದಷ್ಟೂ ಅದೇ ಬದಿಗೆ ಇನ್ನೂ ಜೋರಾಗಿ ಎಳೆಯುತ್ತದೆ. ತಡೆದು ನಿಲ್ಲಿಸುವುದು ರೋಟರನ್ನು ಹೊತ್ತ ಶಾಫ್ಟಿನ ಬಾಗದ ಗುಣ ಮತ್ತು ಬೇರಿಂಗ್ ಮಾತ್ರ. ಉದ್ದ ಶಾಫ್ಟಿನ, ತೆಳು ಗ್ಯಾಪಿನ ಮೋಟರುಗಳಲ್ಲಿ ಇದರಿಂದ ಶಾಫ್ಟಿನ ಕ್ರಿಟಿಕಲ್ ಸ್ಪೀಡ್ (ಶಾಫ್ಟ್ ಜೋರಾಗಿ ಅಲುಗತೊಡಗುವ ವೇಗ) ಕೆಳಗಿಳಿಯುತ್ತದೆ. ತೀರಾ ಕೈಮೀರಿದರೆ ರೋಟರ್ ಸ್ಟೇಟರಿಗೆ ಉಜ್ಜುತ್ತದೆ. ಎಂಜಿನಿಯರುಗಳಿಗೆ ಇದು ಹೊಸದೇನಲ್ಲ. ಡೈನಮೋಗಳಲ್ಲಿ ಇಂಥ ಸೆಳೆತ ಎಷ್ಟು ಬರುತ್ತದೆ ಎಂಬ ಬಗ್ಗೆ ಬಿ.ಎ. ಬೆರೆಂಡ್ ಎಂಬ ಎಂಜಿನಿಯರ್ 1900ರಲ್ಲೇ ಅಮೆರಿಕದಲ್ಲಿ ಲೇಖನ ಬರೆದಿದ್ದರು.

ಸರಿ, ಒಂದೇ ಕಡೆಗೆ ಎಳೆದರೆ ರೋಟರ್ ಬಾಗಬೇಕು, ನಡುಗುವುದು ಯಾಕೆ?

ಕಾಂತಕ್ಷೇತ್ರ ಒಂದೇ ಸಮನೆ ನಿಂತಿರುವುದಿಲ್ಲ, ತಿರುಗುತ್ತಿರುತ್ತದೆ. ಸ್ಟೇಟರಿನ ಯಾವುದೇ ಒಂದು ಹಲ್ಲನ್ನು, ಅಂದರೆ ಎರಡು ಸ್ಲಾಟುಗಳ ನಡುವಿನ ಕಬ್ಬಿಣವನ್ನು ನೋಡಿ. ಅದರ ಮುಂದೆ ಉತ್ತರ ಧ್ರುವ ಹಾಯುತ್ತದೆ, ಆಮೇಲೆ ದಕ್ಷಿಣ ಧ್ರುವ. ಕಬ್ಬಿಣಕ್ಕೆ ಉತ್ತರ, ದಕ್ಷಿಣ ಎಂಬ ಭೇದ ಇಲ್ಲ, ಎರಡೂ ಸೆಳೆಯುತ್ತವೆ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಪ್ರತಿ ಹಲ್ಲಿಗೂ ಸೆಕೆಂಡಿಗೆ 100 ಸಲ ಜಗ್ಗು ಬೀಳುತ್ತದೆ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್ ಆದ್ದರಿಂದ ಅಲ್ಲಿ 120. ಮೋಟರ್ ಮೇಲೆ ಕೈಯಿಟ್ಟಾಗ ಸಿಗುವ ಸಣ್ಣ ಜುಮ್ಮು ಇದೇ. ಇದು ಎಲ್ಲ ಮೋಟರಿನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. 2 ಪೋಲ್ ಮೋಟರುಗಳಲ್ಲಿ ಜಾಸ್ತಿ, ಯಾಕೆಂದರೆ ಎರಡೇ ಧ್ರುವ ಎದುರುಬದುರಾಗಿ ಜಗ್ಗಿದಾಗ ಸ್ಟೇಟರಿನ ಉಂಗುರ ಸುಲಭವಾಗಿ ಮೊಟ್ಟೆಯಾಕಾರಕ್ಕೆ ಬಾಗುತ್ತದೆ. 4 ಪೋಲ್ ಆದರೆ ನಾಲ್ಕು ಕಡೆಯಿಂದ ಬಾಗಿಸಬೇಕು, ಕಬ್ಬಿಣ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗ್ಯಾಪ್ ಒಂದು ಕಡೆ ಕಿರಿದಾಗಿದ್ದರೆ ಆ ಕಡೆಯ ಜಗ್ಗು ಬಲವಾಗಿ, ಈ 100 ಹರ್ಟ್ಸ್ ನಡುಕ ಎದ್ದು ಕಾಣುತ್ತದೆ.

ಗ್ಯಾಪ್ ಕೆಡುವುದು ಎರಡು ರೀತಿ. ರೋಟರ್ ದುಂಡಗಿದೆ, ಆದರೆ ಸ್ಟೇಟರಿನ ನಟ್ಟನಡುವೆ ಕೂತಿಲ್ಲ. ಆಗ ಕಿರಿದಾದ ಜಾಗ ಸ್ಟೇಟರಿನ ಒಂದೇ ಕಡೆ ಇರುತ್ತದೆ, ರೋಟರ್ ಎಷ್ಟು ತಿರುಗಿದರೂ ಅಲ್ಲೇ. ಇನ್ನೊಂದರಲ್ಲಿ ಶಾಫ್ಟ್ ಬಾಗಿದೆ, ಇಲ್ಲವೇ ರೋಟರಿನ ಮೈ ಶಾಫ್ಟಿಗೆ ಸರಿಯಾಗಿ ಕೂತಿಲ್ಲ. ಆಗ ಕಿರಿದಾದ ಜಾಗ ರೋಟರಿನ ಜೊತೆಗೇ ಸುತ್ತುತ್ತದೆ. ದೊಡ್ಡ ಮೋಟರಿನಲ್ಲಿ ಇದನ್ನು ಕಣ್ಣಾರೆ ಪತ್ತೆ ಮಾಡಬಹುದು. ಕರೆಂಟ್ ತೆಗೆದು, ಲಾಕ್ ಹಾಕಿ, ಎಂಡ್ ಶೀಲ್ಡಿನ (ಮೋಟರಿನ ತುದಿಯ ಮುಚ್ಚಳದ) ಕಿಂಡಿಯಿಂದ ಉದ್ದನೆಯ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ ತೂರಿಸುತ್ತಾರೆ. ಗಡಿಯಾರದ 12, 3, 6, 9ರ ಜಾಗಗಳಲ್ಲಿ ಗ್ಯಾಪ್ ಅಳೆದು ಬರೆದುಕೊಳ್ಳುತ್ತಾರೆ. ರೋಟರನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯುತ್ತಾರೆ. ಹೀಗೆ ಒಂದು ಪೂರ್ತಿ ಸುತ್ತು, ಆಮೇಲೆ ಮೋಟರಿನ ಇನ್ನೊಂದು ತುದಿಯಲ್ಲೂ ಅದೇ ಕೆಲಸ. ಪ್ರತಿ ಸಲವೂ 6ರ ಜಾಗದಲ್ಲೇ ಗೇಜ್ ಬಿಗಿಯಾಗಿ ಹೋದರೆ ತಪ್ಪು ಸ್ಟೇಟರ್, ಬೇರಿಂಗ್ ಅಥವಾ ಫ್ರೇಮಿನ ಕಡೆ ಇದೆ. ಬಿಗಿ ಜಾಗ 6ರಿಂದ 9ಕ್ಕೆ, 9ರಿಂದ 12ಕ್ಕೆ ಅಂತ ಓಡಾಡುತ್ತಿದ್ದರೆ ತಪ್ಪು ರೋಟರಿನದು. ಸಾಮಾನ್ಯವಾಗಿ ಗ್ಯಾಪಿನ ವ್ಯತ್ಯಾಸ ಸರಾಸರಿಯ ಶೇ. 10ರೊಳಗೆ ಇದ್ದರೆ ತಲೆಕೆಡಿಸಿಕೊಳ್ಳುವುದಿಲ್ಲ. ಸಣ್ಣ ಮೋಟರುಗಳಲ್ಲಿ ಗೇಜ್ ತೂರಿಸಲು ಕಿಂಡಿಯೇ ಇರುವುದಿಲ್ಲ. ಅಲ್ಲಿ ಕಿವಿ, ಕೈ, ವೈಬ್ರೇಶನ್ ಮೀಟರ್ ಇಷ್ಟೇ ಗತಿ.

ತಪ್ಪು ರೋಟರಿನದಾದರೆ ಕಿವಿಗೆ ಸಿಗುವ ಒಂದು ಒಳ್ಳೆಯ ಗುರುತು ಇದೆ. 2 ಪೋಲ್ ಮೋಟರ್ 2940 ಸುತ್ತಿನಲ್ಲಿ ಓಡುತ್ತಿದೆ ಎನ್ನಿ. ಕಾಂತಕ್ಷೇತ್ರ ತಿರುಗುವುದು 3000 ಸುತ್ತು. ರೋಟರ್ ನಿಮಿಷಕ್ಕೆ 60 ಸುತ್ತು, ಅಂದರೆ ಸೆಕೆಂಡಿಗೆ ಒಂದು ಸುತ್ತು ಹಿಂದೆ ಬೀಳುತ್ತದೆ. ರೋಟರಿನ ಮೇಲೆ ಕೂತು ನೋಡಿದರೆ ಒಂದು ಸೆಕೆಂಡಿನಲ್ಲಿ ಎರಡು ಧ್ರುವ ಹಾದುಹೋಗುತ್ತವೆ. ರೋಟರಿನ ಉಬ್ಬಿದ ಬದಿಗೆ ಧ್ರುವ ಎದುರಾದಾಗಲೆಲ್ಲ ಸೆಳೆತ ಏರುತ್ತದೆ, ದಾಟಿದಾಗ ಇಳಿಯುತ್ತದೆ. ಹೊರಗೆ ನಿಂತವರಿಗೆ ಇದು ಏರಿ ಇಳಿಯುವ ಸದ್ದಾಗಿ ಕೇಳುತ್ತದೆ: ಊಂ... ಊಂ... ಅಂತ, ಸೆಕೆಂಡಿಗೆ ಎರಡು ಸಲ. ಲೋಡ್ ತೆಗೆದರೆ ಈ ಹಿಂದೆ ಬೀಳುವಿಕೆ, ಅಂದರೆ ಸ್ಲಿಪ್ ಕಮ್ಮಿಯಾಗುತ್ತದೆ, ಸದ್ದಿನ ಏರಿಳಿತವೂ ನಿಧಾನವಾಗುತ್ತದೆ. ಖಾಲಿ ಓಡುತ್ತಾ 2990 ಸುತ್ತಿಗೆ ಹೋದರೆ ಮೂರು ಸೆಕೆಂಡಿಗೊಂದು ಅಲೆ. ಬರೀ ತೂಕದ ಅಸಮತೋಲ ಇದ್ದರೆ ಸದ್ದು ಹೀಗೆ ಲೋಡಿನ ಜೊತೆ ತಾಳ ಬದಲಿಸುವುದಿಲ್ಲ.

ಗ್ಯಾಪ್ ಯಾಕೆ ಕೆಡುತ್ತದೆ ಎಂದರೆ ಕಾರಣಗಳು ಬೇಕಾದಷ್ಟಿವೆ. ಬೇರಿಂಗ್ ಸವೆದಿರಬಹುದು, ಬೇರಿಂಗ್ ಕೂರುವ ಮನೆಯೇ ಸವೆದು ಲೂಸಾಗಿರಬಹುದು, ಬೆಲ್ಟನ್ನು ಅತಿಯಾಗಿ ಬಿಗಿದಿರಬಹುದು. ಆದರೆ ನನ್ನ ಪ್ರಕಾರ ಯಾರೂ ಅನುಮಾನ ಪಡದ ಕಳ್ಳ ಮೋಟರಿನ ಕಾಲಿನಲ್ಲಿದ್ದಾನೆ.

ಮೋಟರಿಗೆ ನಾಲ್ಕು ಪಾದ. ಕೆಳಗಿನ ಬೆಡ್ ಸಪಾಟಾಗಿರದಿದ್ದರೆ ಮೂರು ಪಾದ ಕೂರುತ್ತವೆ, ನಾಲ್ಕನೆಯದು ಒಂಚೂರು ಎದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಫಿಟ್ಟರ್ ಬಂದು ನಾಲ್ಕೂ ಬೋಲ್ಟ್ ಜಗ್ಗಿ ಬಿಗಿಯುತ್ತಾನೆ. ಎದ್ದಿದ್ದ ಪಾದ ಕೆಳಗೆ ಕೂರುತ್ತದೆ, ಅದರ ಜೊತೆ ಇಡೀ ಫ್ರೇಮ್ ತಿರುಚಿಕೊಳ್ಳುತ್ತದೆ. ಫ್ರೇಮಿನ ಒಳಗಿರುವ ಸ್ಟೇಟರ್ ದುಂಡಗೆ ಉಳಿಯುವುದಿಲ್ಲ, ಎರಡು ಬೇರಿಂಗುಗಳೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಗ್ಯಾಪೇ 0.4 ಮಿ.ಮೀ. ಇರುವಾಗ ಫ್ರೇಮ್ ಒಂದು ಕಾಗದದಷ್ಟು ತಿರುಚಿದರೂ ನಡುಕ ಗ್ಯಾರಂಟಿ. ಇದಕ್ಕೆ ಸಾಫ್ಟ್ ಫುಟ್ ಅನ್ನುತ್ತಾರೆ. ನಡುಗುತ್ತಿದೆ ಅಂತ ಬೋಲ್ಟನ್ನು ಇನ್ನಷ್ಟು ಬಿಗಿದರೆ ನಡುಕ ಇನ್ನಷ್ಟು ಹೆಚ್ಚುತ್ತದೆ, ಅಲ್ವಾ?

ಪತ್ತೆ ಮಾಡುವುದು ಕಷ್ಟವಲ್ಲ. ಮೋಟರ್ ನಿಲ್ಲಿಸಿ, ಒಂದು ಪಾದದ ಮೇಲೆ ಡಯಲ್ ಗೇಜಿನ ಮೊನೆ ಇಟ್ಟು ಸೊನ್ನೆಗೆ ತನ್ನಿ. ಆ ಒಂದು ಬೋಲ್ಟನ್ನು ಮಾತ್ರ ಸಡಿಲಿಸಿ. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಓಡಿದರೆ ಆ ಪಾದದ ಕೆಳಗೆ ಸಂದು ಇದೆ ಅಂತ ಅರ್ಥ. ಬೋಲ್ಟ್ ಮತ್ತೆ ಬಿಗಿದು ಮುಂದಿನ ಪಾದಕ್ಕೆ ಹೋಗಿ. ಸಂದು ಸಿಕ್ಕಲ್ಲಿ ಅಳತೆಯ ಶಿಮ್ (ತೆಳು ಲೋಹದ ಹಾಳೆ) ಹಾಕಬೇಕು. ತಗಡು ಮಡಚಿ ತುರುಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಮಡಿಕೆಯ ತಗಡು ಸ್ಪ್ರಿಂಗಿನ ಹಾಗೆ ಅದುಮುತ್ತದೆ, ಹಾಗಾಗಿ ತೊಂದರೆ ತೀರುವುದಿಲ್ಲ.

ಇನ್ನು ಗ್ಯಾಪ್ ಸರಿಯಾಗಿಯೇ ಇದ್ದು, ಕರೆಂಟ್ ಕೆಟ್ಟು ಸೆಳೆತ ಅಸಮ ಆಗುವ ಪ್ರಸಂಗಗಳು. ರೋಟರಿನ ಒಂದು ಬಾರ್ ಬಿರುಕು ಬಿಟ್ಟಿತು ಎನ್ನಿ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಪಕ್ಕದ ಬಾರ್‌ಗಳು ಅದರ ಪಾಲನ್ನೂ ಹೊರುತ್ತವೆ, ಕಾಯುತ್ತವೆ. ರೋಟರಿನ ಒಂದು ಬದಿಯ ಕಾಂತಕ್ಷೇತ್ರ ಇನ್ನೊಂದರ ಹಾಗಿರುವುದಿಲ್ಲ. ಒಂದು ಬದಿ ಹೆಚ್ಚು ಕಾದು ರೋಟರ್ ಬಾಗಲೂಬಹುದು. ಆಗ ಗ್ಯಾಪೂ ಕೆಡುತ್ತದೆ. ಲೋಡ್ ಹೆಚ್ಚಿದಂತೆ, ಮೋಟರ್ ಬಿಸಿಯಾದಂತೆ ನಡುಕ ಹೆಚ್ಚುವುದು ಇದರ ಲಕ್ಷಣ. ಪ್ಯಾನೆಲ್‌ನಲ್ಲಿ ಹಳೇ ಕಾಲದ ಮುಳ್ಳಿನ ಆಂಮೀಟರ್ ಇದ್ದರೆ, ಮುಳ್ಳು ತಾಳಬದ್ಧವಾಗಿ ಅಲ್ಲಾಡುವುದೂ ಕಾಣುತ್ತದೆ.

ರೀವೈಂಡಿಂಗ್ ಆದ ಮೇಲೆ ಹೊಸದಾಗಿ ನಡುಕ ಶುರುವಾದರೆ ವೈಂಡಿಂಗಿನ ಮೇಲೆಯೇ ಕಣ್ಣಿಡಬೇಕು. ಒಂದು ಕಾಯಿಲಿನಲ್ಲಿ ಸುತ್ತು ಕಮ್ಮಿ ಬಿದ್ದಿರಬಹುದು, ಒಂದು ಕನೆಕ್ಷನ್ ಉಲ್ಟಾ ಆಗಿರಬಹುದು. ಹಳೇ ತಾಮ್ರ ಬಿಚ್ಚಲು ಸ್ಟೇಟರನ್ನು ಬೆಂಕಿಗೆ ಹಾಕಿ ಕಂಡಾಬಟ್ಟೆ ಸುಟ್ಟಿದ್ದರೆ ತೆಳು ಕಬ್ಬಿಣದ ತಗಡುಗಳನ್ನು ಜೋಡಿಸಿ ಮಾಡಿದ ಅದರ ಕೋರ್ ಸೊಟ್ಟ ಆಗಿರುವ ಸಾಧ್ಯತೆಯೂ ಇದೆ. ಅದು ಸಾಲದು ಅಂತ ತಗಡುಗಳ ನಡುವಿನ ಇನ್ಸುಲೇಶನ್ ಕೂಡ ಸುಟ್ಟುಹೋಗಿ ಮೋಟರ್ ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತದೆ.

ಹಳ್ಳಿಯ ಕಡೆ ಇನ್ನೊಂದು ಸಮಸ್ಯೆ ಮೂರು ಫೇಸಿನ ವೋಲ್ಟೇಜ್ ಸಮ ಇರದಿರುವುದು. ವೋಲ್ಟೇಜಿನಲ್ಲಿ ಶೇ. 1ರ ಅಸಮತೆ ಇದ್ದರೆ ಕರೆಂಟಿನಲ್ಲಿ ಅದು ಶೇ. 6ರಿಂದ 10ರವರೆಗೂ ಹೋಗುತ್ತದೆ. ಆಗ ಮುಂದಕ್ಕೆ ತಿರುಗುವ ಕಾಂತಕ್ಷೇತ್ರದ ಜೊತೆ ಹಿಂದಕ್ಕೆ ತಿರುಗುವ ಸಣ್ಣ ಕ್ಷೇತ್ರವೂ ಹುಟ್ಟಿಕೊಳ್ಳುತ್ತದೆ. ಎರಡರ ತಾಕಲಾಟದಲ್ಲಿ ಟಾರ್ಕ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸಿಂಗಲ್ ಫೇಸ್ ಬರುವ ಹೊತ್ತಿನಲ್ಲಿ ಕಂಡೆನ್ಸರ್ ಕಟ್ಟಿ ತ್ರೀ ಫೇಸ್ ಪಂಪ್‌ಸೆಟ್ ಓಡಿಸುವಾಗ ಮೋಟರ್ ಗೊಗ್ಗರು ದನಿಯಲ್ಲಿ ನರಳುವುದು ಇದಕ್ಕೇ. ಇದು ರೋಟರನ್ನು ಒಂದು ಬದಿಗೆ ಎಳೆಯುವ ಬಲವಲ್ಲ, ತಿರುಗುವ ದಿಕ್ಕಿನಲ್ಲೇ ಜಗ್ಗಿ ಬಿಡುವ ಬಲ. ಆದರೆ ಫ್ರೇಮಿಗೆ ತಟ್ಟುವುದು ಅದೇ 100 ಹರ್ಟ್ಸ್.

ನಡುಕ ಕಾಂತದ್ದೋ ಯಂತ್ರದ್ದೋ ಎಂದು ತಿಳಿಯಲು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ: ಸ್ವಿಚ್ ಆಫ್ ಮಾಡುವುದು. ಮೋಟರ್ ಪೂರ್ತಿ ವೇಗದಲ್ಲಿ, ಲೋಡ್ ಜೊತೆ, ಚೆನ್ನಾಗಿ ಬಿಸಿಯಾಗಿ ಓಡುತ್ತಿರಲಿ. ವೈಬ್ರೇಶನ್ ಮೀಟರಿನ ಪ್ರೋಬ್ ಬೇರಿಂಗ್ ಹತ್ತಿರ ಇರಲಿ. ಮೀಟರ್ ಇಲ್ಲದಿದ್ದರೆ ಫ್ರೇಮಿಗೆ ಸ್ಕ್ರೂಡ್ರೈವರ್ ಮೊನೆ ಊರಿ ಹಿಡಿಕೆಗೆ ಕಿವಿ ಹಚ್ಚಿ, ತಿರುಗುವ ಭಾಗಗಳಿಂದ ದೂರ ಇದ್ದುಕೊಂಡು. ಈಗ ಕರೆಂಟ್ ಕಟ್ ಮಾಡಿಸಿ. ಆ ಕ್ಷಣವೇ, ರೋಟರ್ ಇನ್ನೂ ಜೋರಾಗಿ ತಿರುಗುತ್ತಿರುವಾಗಲೇ ನಡುಕ ನಿಂತುಹೋದರೆ ಅದು ಕಾಂತದ್ದು. ಕಾಂತಕ್ಷೇತ್ರ ಸಾಯಲು ಸೆಕೆಂಡಿನ ಒಂದು ಸಣ್ಣ ಭಾಗ ಸಾಕು. ವೇಗ ಇಳಿದಂತೆ ಮೆಲ್ಲಗೆ ಇಳಿದರೆ ತೂಕದ ಅಸಮತೋಲವೋ ಅಲೈನ್‌ಮೆಂಟೋ ಇನ್ನೇನೋ. ಒಂದೇ ಎಚ್ಚರ: ಎರಡು ಮೂರು ಸೆಕೆಂಡ್ ಬಿಟ್ಟು, ವೇಗ ಸ್ವಲ್ಪ ಇಳಿದಾಗ ದಿಢೀರನೆ ಕಮ್ಮಿಯಾದರೆ ಅದು ರೆಸೊನೆನ್ಸ್ ಇರಬಹುದು. ಬೆಡ್ ಅಥವಾ ಸ್ಟ್ಯಾಂಡಿನ ಸ್ವಂತ ಕಂಪನದ ವೇಗಕ್ಕೆ ಮೋಟರಿನ ವೇಗ ತಾಳೆಯಾದಾಗ ಹೀಗಾಗುತ್ತದೆ. ಅದಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳಬಾರದು.

ಬೇರಿಂಗಿನ ವಿಷಯಕ್ಕೆ ಬಂದರೆ, ಎಷ್ಟೋ ಸಲ ಅದು ತಪ್ಪಿತಸ್ಥ ಅಲ್ಲವೇ ಅಲ್ಲ, ಏಟು ತಿಂದವನು. ಬಾಲ್ ಬೇರಿಂಗಿನ ಆಯಸ್ಸು ಅದರ ಮೇಲಿನ ಭಾರದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ಭಾರ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಬರುತ್ತದೆ. ಮೂವತ್ತು ಕೆ.ಜಿ. ರೋಟರ್ ಹೊರಬೇಕಾದ ಬೇರಿಂಗಿನ ಮೇಲೆ ಅಸಮ ಸೆಳೆತ ಇನ್ನೊಂದು ನಲವತ್ತು ಕೆ.ಜಿ. ಹೇರಿದರೆ ಅದೇನು ಮಾಡೀತು? ಬೇರಿಂಗ್ ಸವೆದಷ್ಟೂ ರೋಟರ್ ಇನ್ನಷ್ಟು ಆ ಬದಿಗೆ ಸರಿಯುತ್ತದೆ, ಸೆಳೆತ ಇನ್ನಷ್ಟು ಏರುತ್ತದೆ.

ಉಜ್ಜುತ್ತಿರುವ ರೋಟರನ್ನು ಲೇತಿಗೆ ಕಟ್ಟಿ ಒಂಚೂರು ಕೆರೆದು ಸಣ್ಣ ಮಾಡಿಸಿಬಿಡುವ ಉಪಾಯ ಕೆಲವರದ್ದು. ಉಜ್ಜುವುದು ನಿಲ್ಲುತ್ತದೆ, ನಡುಕವೂ ಕಮ್ಮಿಯಾಗುತ್ತದೆ, ಯಾಕೆಂದರೆ ಗ್ಯಾಪ್ ದೊಡ್ಡದಾದಾಗ ಅದೇ 0.04 ಮಿ.ಮೀ. ಸರಿತ ಶೇಕಡಾವಾರು ಸಣ್ಣದಾಗುತ್ತದೆ. ಆದರೆ ದೊಡ್ಡ ಗ್ಯಾಪನ್ನು ಕಾಂತಕ್ಷೇತ್ರ ದಾಟಿಸಲು ಮೋಟರ್ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಬೀಳುತ್ತದೆ, ವೈಂಡಿಂಗ್ ಕಾಯುತ್ತದೆ. ತಯಾರಕರಿಗೆ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ವೈಂಡಿಂಗನ್ನು ಪ್ಯಾರಲಲ್ ದಾರಿಗಳಾಗಿ ಹಂಚಿದರೆ, ಗ್ಯಾಪ್ ಕಿರಿದಾದ ಕಡೆಯ ಕಾಯಿಲುಗಳಿಗೆ ಕರೆಂಟ್ ತಾನಾಗಿಯೇ ಕಮ್ಮಿಯಾಗಿ, ಎದುರು ಬದಿಗೆ ಜಾಸ್ತಿಯಾಗುತ್ತದೆ. ಸೆಳೆತ ತನ್ನಷ್ಟಕ್ಕೇ ಬಹುಪಾಲು ಸಮವಾಗುತ್ತದೆ.

ಈಗ ಸ್ಕೂಟರ್, ಫ್ಯಾನುಗಳಿಗೆಲ್ಲ ಬಂದಿರುವ ಪರ್ಮನೆಂಟ್ ಮ್ಯಾಗ್ನೆಟ್ ಮೋಟರುಗಳ ರೀತಿಯೇ ಬೇರೆ. ಕೆಲವದರಲ್ಲಿ ಗ್ಯಾಪ್ ಪಕ್ಕಾ ಇದ್ದರೂ ಅಸಮ ಸೆಳೆತ ಇರುತ್ತದೆ, ಯಾಕೆಂದರೆ ತಪ್ಪು ಡಿಸೈನಿನಲ್ಲೇ ಕೂತಿದೆ. 9 ಸ್ಲಾಟ್, 8 ಪೋಲಿನ ಮೋಟರಿನಲ್ಲಿ ಒಂದು ಫೇಸಿನ ಮೂರು ಕಾಯಿಲುಗಳೂ ಅಕ್ಕಪಕ್ಕದ ಹಲ್ಲುಗಳ ಮೇಲೆಯೇ ಬರುತ್ತವೆ. ಎದುರು ಬದಿಯಲ್ಲಿ ಅವಕ್ಕೆ ಜೋಡಿ ಇಲ್ಲ. ಕರೆಂಟ್ ಒಂದು ಫೇಸಿನಿಂದ ಇನ್ನೊಂದಕ್ಕೆ ಹೋದಂತೆ ಸೆಳೆತವೂ ಸುತ್ತ ತಿರುಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಟಕಟಕ ಸಿಕ್ಕಿಕೊಳ್ಳುವುದು ಕಮ್ಮಿ ಅಂತ ಈ ಜೋಡಿಯನ್ನು ಆರಿಸುತ್ತಾರೆ, ಬದಲಿಗೆ ನಡುಕ ಸಹಿಸಿಕೊಳ್ಳುತ್ತಾರೆ. 12 ಸ್ಲಾಟ್, 10 ಪೋಲ್ ಆದರೆ ಪ್ರತಿ ಕಾಯಿಲಿಗೂ ಎದುರಿಗೆ ಒಂದು ಜೋಡಿ ಇರುತ್ತದೆ, ಹಾಗಾಗಿ ಈ ತಕರಾರಿಲ್ಲ.

ಸ್ವಿಚ್ ಆಫ್ ಪರೀಕ್ಷೆಯೂ ಇವುಗಳ ಹತ್ತಿರ ನಡೆಯುವುದಿಲ್ಲ. ಕರೆಂಟ್ ತೆಗೆದರೂ ರೋಟರಿನ ಮ್ಯಾಗ್ನೆಟ್ ಸೆಳೆಯುತ್ತಲೇ ಇರುತ್ತದೆ. ಗ್ಯಾಪ್ ಕೆಟ್ಟಿದ್ದರೆ ನಡುಕ ವೇಗದ ಜೊತೆ ಮೆಲ್ಲಗೆ ಇಳಿದು, ನೋಡಿದವರಿಗೆ ತೂಕದ ಅಸಮತೋಲದ ಹಾಗೇ ಕಾಣುತ್ತದೆ. ಹಾಗಂತ ಅನುಮಾನ ಬಂದ ಕೂಡಲೇ ಬಿಚ್ಚಲು ಹೋಗಬೇಡಿ. ಬೇರಿಂಗಿನ ಆಸರೆ ತಪ್ಪಿದ ಕ್ಷಣ ರೋಟರ್ ಫಟ್ಟನೆ ಒಂದು ಬದಿಗೆ ಅಂಟಿಕೊಳ್ಳುತ್ತದೆ, ನಡುವೆ ಬೆರಳಿದ್ದರೆ ಬೆರಳು ಹೋಯಿತು. ಅದನ್ನು ನಡುಮಧ್ಯದಲ್ಲೇ ಹಿಡಿದು ಹೊರತೆಗೆಯುವ ಜಿಗ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ.